ಯಕ್ಷಗಾನದ ವಿಡಿಯೊಗೆ ರೆಂಡರ್ ಗುಣಮಟ್ಟ ಆಯ್ದುಕೊಳ್ಳುವ ಬಗೆ

ಒಂದೇ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಎರಡು ವಿಡಿಯೊಗಳನ್ನು ತೆಗೆದುಕೊಳ್ಳೋಣ. ಒಂದು ತಾಳಮದ್ದಳೆಯದು: ಅರ್ಥಧಾರಿಗಳು ಎದುರುಬದುರಾಗಿ ಕುಳಿತಿದ್ದಾರೆ, ಹಿಂದಿನ ಪರದೆ ಅಲುಗುವುದಿಲ್ಲ, ಮುಖ ಮತ್ತು ಕೈಗಳಷ್ಟೇ ಚಲಿಸುತ್ತವೆ. ಇನ್ನೊಂದು ಬಯಲಾಟದ್ದು: ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುತ್ತಾರೆ, ಹೊಗೆಯ ನಡುವಿನಿಂದ ಬಣ್ಣದ ವೇಷ ಆರ್ಭಟಿಸುತ್ತ ರಂಗಸ್ಥಳಕ್ಕೆ ಬರುತ್ತದೆ, ಮುಂದಿನ ಪ್ರಸಂಗದಲ್ಲಿ ಪುಂಡುವೇಷದ ಹುಡುಗ ಧೀಂಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುತ್ತಾನೆ. ಎರಡನ್ನೂ 1080ಪಿ ಗಾತ್ರದಲ್ಲಿ 5 ಎಂಬಿಪಿಎಸ್ ಬಿಟ್‌ರೇಟಿಗೆ (ಸೆಕೆಂಡಿಗೆ 5 ಮೆಗಾಬಿಟ್ ದತ್ತಾಂಶಕ್ಕೆ) ರೆಂಡರ್ ಮಾಡಿದರೆ, ಅಂದರೆ ಎಡಿಟ್ ಆದದ್ದನ್ನು ಅಂತಿಮ ಫೈಲಾಗಿ ಹೊರತೆಗೆದರೆ, ಮೊದಲನೆಯದು ಸ್ವಚ್ಛವಾಗಿ ಕಾಣುತ್ತದೆ. ಎರಡನೆಯದರಲ್ಲಿ ಹೊಗೆ ಚೌಕಚೌಕವಾಗಿ ಒಡೆಯುತ್ತದೆ, ಮುಖದ ಮೇಲಿನ ಚುಟ್ಟಿಯ ಬಿಳಿ ಮುಳ್ಳುಗಳು ಒಂದಕ್ಕೊಂದು ಅಂಟಿಕೊಂಡು ಸುಣ್ಣ ಬಳಿದಂತಾಗುತ್ತವೆ. ಸೆಟ್ಟಿಂಗ್ ಒಂದೇ ಆಗಿದ್ದರೂ ಫಲ ಬೇರೆಯಾಯಿತು.

ಆದ್ದರಿಂದ "ಯಾವ ಸೆಟ್ಟಿಂಗ್ ಒಳ್ಳೆಯದು" ಎಂಬ ಪ್ರಶ್ನೆಗೆ ಒಂದು ಸಂಖ್ಯೆಯನ್ನು ಉತ್ತರವಾಗಿ ಕೊಡಲು ಬರುವುದಿಲ್ಲ. ನಿಮ್ಮ ವಿಡಿಯೊದಲ್ಲಿ ಎನ್‌ಕೋಡರಿಗೆ (ವಿಡಿಯೊವನ್ನು ಹಿಂಡಿ ಫೈಲಾಗಿ ಬರೆಯುವ ಭಾಗಕ್ಕೆ) ಎಲ್ಲಕ್ಕಿಂತ ಕಷ್ಟವಾಗುವ ಮೂವತ್ತು ಸೆಕೆಂಡುಗಳು ಯಾವುವು ಎಂದು ಗುರುತಿಸಿ, ಆ ಮೂವತ್ತು ಸೆಕೆಂಡುಗಳು ಕೆಡದಂತೆ ಸೆಟ್ಟಿಂಗ್ ನಿರ್ಧರಿಸುವುದೇ ನಾನು ಅನುಸರಿಸುತ್ತ ಬಂದಿರುವ, ಇಲ್ಲಿ ವಿವರಿಸಲಿರುವ ಕ್ರಮ. ಉದಾಹರಣೆಗಳಿಗೆ ಹೆಚ್ಚಾಗಿ ಡಾವಿಂಚಿ ರಿಸಾಲ್ವ್ ತಂತ್ರಾಂಶವನ್ನು ಬಳಸಿದ್ದೇನೆ. ಪ್ರೀಮಿಯರ್ ಪ್ರೊ, ಕೆಡೆನ್‌ಲೈವ್, ಶಾಟ್‌ಕಟ್ ಬಳಸುವವರಿಗೂ ಇದೇ ಆಯ್ಕೆಗಳು ಸ್ವಲ್ಪ ಬೇರೆ ಹೆಸರಿನಲ್ಲಿ ಸಿಗುತ್ತವೆ.

ಹೊಗೆ ಏಕೆ ಒಡೆಯುತ್ತದೆ

2003ರಲ್ಲಿ ಸಿದ್ಧವಾದ ಎಚ್.264 ಕೋಡೆಕ್ (ವಿಡಿಯೊವನ್ನು ಹಿಂಡಿ ಬರೆಯುವ ಕ್ರಮ) ಇಂದಿಗೂ ಎಲ್ಲ ಫೋನು, ಟಿವಿ, ಕಂಪ್ಯೂಟರುಗಳಲ್ಲಿ ತೊಂದರೆಯಿಲ್ಲದೆ ಓಡುತ್ತದೆ. ಅದು ಪ್ರತಿಯೊಂದು ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಕೀಫ್ರೇಮನ್ನು ಪೂರ್ತಿ ಬರೆದು, ಅದರ ನಂತರದ ಫ್ರೇಮುಗಳಲ್ಲಿ ಬದಲಾದದ್ದು ಏನು, ಯಾವ ಭಾಗ ಎತ್ತ ಸರಿಯಿತು ಎಂಬುದನ್ನು ಮಾತ್ರ ದಾಖಲಿಸುತ್ತದೆ. ತಾಳಮದ್ದಳೆಯಲ್ಲಿ ಬದಲಾಗುವುದು ಕಡಿಮೆ, ಆದ್ದರಿಂದ ಸ್ವಲ್ಪವೇ ದತ್ತಾಂಶದಲ್ಲಿ ಕೆಲಸ ಮುಗಿಯುತ್ತದೆ. ಕುಣಿಯುವ ಕಲಾವಿದನನ್ನೂ ಒಂದು ಮಟ್ಟಿಗೆ ಅದು ನಿಭಾಯಿಸುತ್ತದೆ, ಏಕೆಂದರೆ ಕಿರೀಟ ಎಡದಿಂದ ಬಲಕ್ಕೆ ಸರಿದರೂ ಅದು ಅದೇ ಕಿರೀಟ. ಹೊಗೆ, ಬೆಂಕಿ, ಮಿರುಗುವ ಮಣಿಸರ, ಗಿರ್ರನೆ ತಿರುಗುವಾಗ ಅರಳುವ ಜಾಲರಿನ ನೆರಿಗೆ ಇವು ಹಾಗಲ್ಲ; ಹಿಂದಿನ ಫ್ರೇಮಿನಲ್ಲಿದ್ದ ಆಕಾರ ಮುಂದಿನದರಲ್ಲಿ ಎಲ್ಲಿಯೂ ಇರುವುದಿಲ್ಲ. ಎನ್‌ಕೋಡರು ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಆದರೆ ನೀವು ಕೊಟ್ಟ ಬಿಟ್‌ರೇಟಿನಲ್ಲಿ ಅಷ್ಟಕ್ಕೆ ಜಾಗವಿಲ್ಲ. ಆಗ ಅದು ಸಣ್ಣ ವಿವರಗಳನ್ನು ಕೈಬಿಡುತ್ತದೆ. ನಮಗೆ ಕಾಣುವ ಚೌಕಗಳು ಹೀಗೆ ಕೈಬಿಟ್ಟ ವಿವರಗಳ ಗುರುತು.

ಇದರ ಮೇಲೆ ಕತ್ತಲೆಯ ಸಮಸ್ಯೆಯೂ ಸೇರುತ್ತದೆ. ರಾತ್ರಿಯ ಬಯಲಾಟದಲ್ಲಿ ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದಾಗ ಹಿನ್ನೆಲೆಯ ಕಪ್ಪಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕುದಿಯತೊಡಗುತ್ತವೆ. ಕಣ್ಣಿಗೆ ಅದು ದೊಡ್ಡದಾಗಿ ಕಾಣದಿದ್ದರೂ ಎನ್‌ಕೋಡರಿಗೆ ಪ್ರತಿಯೊಂದು ಚುಕ್ಕೆಯೂ ಚಲನೆಯೇ. ನೀವು ಕೊಟ್ಟ ಬಿಟ್‌ಗಳ ದೊಡ್ಡ ಪಾಲು ಕಲಾವಿದನ ಮುಖಕ್ಕೆ ಹೋಗದೆ ಹಿಂದಿನ ಖಾಲಿ ಕತ್ತಲೆಗೆ ಹೋಗುತ್ತದೆ. ಹಿನ್ನೆಲೆಗೆ ಮಿತವಾದ ನಾಯ್ಸ್ ರಿಡಕ್ಷನ್ ಕೊಟ್ಟು ರೆಂಡರ್ ಮಾಡಿದರೆ ಅದೇ ಬಿಟ್‌ರೇಟಿನಲ್ಲಿ ಮುಖ ಸ್ಪಷ್ಟವಾಗುವುದನ್ನು ಹಲವು ಬಾರಿ ಕಂಡಿದ್ದೇನೆ. ಅತಿಯಾದರೆ ಬಣ್ಣಗಾರಿಕೆಯ ಸೂಕ್ಷ್ಮ ಗೆರೆಗಳು ಅಳಿಸಿಹೋಗಿ ಮುಖ ಮೇಣದಂತಾಗುತ್ತದೆ, ಆದ್ದರಿಂದ ಕೈ ಹಿಡಿದೇ ಬಳಸಬೇಕು.

ಎಡಿಟಿಂಗಿಗೆ ಮೊದಲೇ ಫ್ರೇಮ್‌ರೇಟ್

ರೆಂಡರ್ ಪುಟಕ್ಕೆ ಬಂದ ಮೇಲೆ ಸರಿಪಡಿಸಲಾಗದ ಆಯ್ಕೆ ಒಂದಿದೆ, ಅದು ಫ್ರೇಮ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮುಗಳು ಎಂಬುದು. ರಿಸಾಲ್ವ್‌ನಲ್ಲಿ ಟೈಮ್‌ಲೈನಿಗೆ ದೃಶ್ಯಗಳನ್ನು ಇಳಿಸಿದ ಮೇಲೆ ಅದರ ಫ್ರೇಮ್‌ರೇಟ್ ಬದಲಿಸಲು ತಂತ್ರಾಂಶ ಬಿಡುವುದಿಲ್ಲ. ಹಾಗಾಗಿ ಮೊದಲ ಕ್ಲಿಪ್ಪನ್ನು ಎಳೆದು ಹಾಕುವ ಮುನ್ನವೇ ನಿರ್ಧಾರ ಆಗಿರಬೇಕು.

ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಫೋಕಸ್ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. 25 ಅಥವಾ 50 ಫ್ರೇಮಿನಲ್ಲಿ, 1/50 ಅಥವಾ 1/100 ಸೆಕೆಂಡ್ ಶಟರ್ ಇಟ್ಟು ಚಿತ್ರೀಕರಿಸಿದರೆ ಆ ಮಿನುಗು ಚಿತ್ರದಲ್ಲಿ ಕಾಣುವುದಿಲ್ಲ. ಕುಣಿತ ಪ್ರಧಾನವಾದ ಆಟಕ್ಕೆ ನಾನು 50 ಫ್ರೇಮನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ 25ರಲ್ಲಿ ಧೀಂಗಿಣದ ಸುತ್ತು ಮಸುಕಾಗಿ ಪಾದ ನೆಲಕ್ಕೆ ತಾಗುವ ಕ್ಷಣ ಕಣ್ತಪ್ಪುತ್ತದೆ. ತಾಳಮದ್ದಳೆಗೂ ಸಂದರ್ಶನಗಳಿಗೂ 25 ಸಾಕು.

ಫೋನುಗಳು ಸಾಮಾನ್ಯವಾಗಿ 30 ಫ್ರೇಮಿನಲ್ಲಿ ದಾಖಲಿಸುತ್ತವೆ. ಕ್ಯಾಮೆರಾದ 25 ಫ್ರೇಮಿನ ದೃಶ್ಯದ ಜೊತೆ ಫೋನಿನ 30 ಫ್ರೇಮಿನ ದೃಶ್ಯವನ್ನು ಒಂದೇ ಟೈಮ್‌ಲೈನಿನಲ್ಲಿ ಸೇರಿಸಿದಾಗ ತಂತ್ರಾಂಶ ಪ್ರತಿ ಆರು ಫ್ರೇಮಿಗೊಂದನ್ನು ಬಿಟ್ಟುಬಿಡುತ್ತದೆ. ಕುಣಿತ ಹೆಜ್ಜೆಹೆಜ್ಜೆಗೂ ಮುಗ್ಗರಿಸಿದಂತೆ ಕಾಣುತ್ತದೆ. ಬಿಟ್‌ರೇಟ್ ಎಷ್ಟು ಏರಿಸಿದರೂ ಅದು ಹೋಗದು. ಇದಲ್ಲದೆ ಎಷ್ಟೋ ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್‌ರೇಟನ್ನು ತಾವೇ ಏರಿಳಿಸುತ್ತವೆ. ಆ ಫೈಲನ್ನು ನೇರವಾಗಿ ಬಳಸಿದರೆ ಅರ್ಧ ಗಂಟೆ ಕಳೆಯುವುದರೊಳಗೆ ಭಾಗವತರ ಬಾಯಿಗೂ ಪದಕ್ಕೂ ಹೊಂದಾಣಿಕೆ ತಪ್ಪಬಹುದು. ಇದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಎಂಬ ಆಯ್ಕೆ ಕೊಟ್ಟು, ಗುಣಮಟ್ಟವನ್ನು ಎತ್ತರದಲ್ಲಿಟ್ಟು ಒಮ್ಮೆ ಪರಿವರ್ತಿಸಿಕೊಂಡು ಆಮೇಲೆ ಎಡಿಟಿಂಗಿಗೆ ತೆಗೆದುಕೊಳ್ಳುವುದು ಲೇಸು.

ರೆಂಡರ್ ಮಾಡುವಾಗ ಫ್ರೇಮ್‌ರೇಟನ್ನು ಟೈಮ್‌ಲೈನಿನದ್ದಕ್ಕೆ ಸಮವಾಗಿಯೇ ಇಡಿ. 25ರ ಟೈಮ್‌ಲೈನನ್ನು 60ಕ್ಕೆ ರೆಂಡರ್ ಮಾಡಿದರೆ ಇಲ್ಲದ ಚಲನೆ ಹುಟ್ಟುವುದಿಲ್ಲ, ಇದ್ದ ಫ್ರೇಮುಗಳೇ ಅಸಮವಾಗಿ ಮರುಕಳಿಸುತ್ತವೆ.

ಕಷ್ಟದ ಮೂವತ್ತು ಸೆಕೆಂಡುಗಳ ಪರೀಕ್ಷೆ

ಎಡಿಟಿಂಗ್ ಮುಗಿದ ಮೇಲೆ ಇಡೀ ರಾತ್ರಿಯ ಆಟವನ್ನು ಒಮ್ಮೆಲೇ ರೆಂಡರಿಗೆ ಹಾಕಬೇಡಿ. ಟೈಮ್‌ಲೈನಿನಲ್ಲಿ ಹುಡುಕಿ ಎಲ್ಲಕ್ಕಿಂತ ಗದ್ದಲದ ಭಾಗವನ್ನು ಹಿಡಿಯಿರಿ. ಯಕ್ಷಗಾನದಲ್ಲಿ ಅದು ಬಹುತೇಕ ಬಣ್ಣದ ವೇಷದ ಪ್ರವೇಶ, ಇಲ್ಲವೇ ಯುದ್ಧದ ಕುಣಿತ. ಅದರ ಆರಂಭದಲ್ಲಿ ಐ ಕೀಲಿಯನ್ನೂ ಕೊನೆಯಲ್ಲಿ ಒ ಕೀಲಿಯನ್ನೂ ಒತ್ತಿ ಗುರುತು ಹಾಕಿದರೆ ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ಅಷ್ಟು ಭಾಗವನ್ನು ಮಾತ್ರ ರೆಂಡರ್ ಮಾಡಬಹುದು. ಫಾರ್ಮ್ಯಾಟ್ ಎಂಪಿ4, ಕೋಡೆಕ್ ಎಚ್.264 ಇರಲಿ. ಕ್ವಾಲಿಟಿ ಎಂಬಲ್ಲಿ ಆಟೊಮ್ಯಾಟಿಕ್ ಬದಲು ರಿಸ್ಟ್ರಿಕ್ಟ್ ಟು ಎಂಬುದನ್ನು ಆರಿಸಿ. ಅಲ್ಲಿ ಅಂಕಿ ಬರೆಯುವುದು ಕಿಲೊಬಿಟ್ ಲೆಕ್ಕದಲ್ಲಿ ಎಂಬುದನ್ನು ಮರೆಯಬಾರದು: 12 ಎಂಬಿಪಿಎಸ್ ಬೇಕಾದರೆ 12000 ಎಂದು ಬರೆಯಬೇಕು. ಒಂದು ಸೊನ್ನೆ ಕಡಿಮೆಯಾದರೆ ವಿಡಿಯೊ ಮಸಿಯಾಗುತ್ತದೆ, ಹೆಚ್ಚಾದರೆ ಡಿಸ್ಕ್ ತುಂಬುತ್ತದೆ.

ಅದೇ ಮೂವತ್ತು ಸೆಕೆಂಡುಗಳನ್ನು 8000, 12000, 18000, 24000 ಹೀಗೆ ನಾಲ್ಕು ಬಾರಿ ಬೇರೆ ಬೇರೆ ಹೆಸರಿನಲ್ಲಿ ರೆಂಡರ್ ಮಾಡಿ. ನೋಡುವಾಗ ಎಡಿಟಿಂಗ್ ಕಿಟಕಿಯ ಸಣ್ಣ ಚೌಕಟ್ಟಿನಲ್ಲಿ ನೋಡದೆ ಪೂರ್ಣ ಪರದೆಯಲ್ಲಿ, ಸಾಧ್ಯವಾದರೆ ಟಿವಿಯಲ್ಲಿ ನೋಡಿ. ಒಂದು ಸಲ ಸುಮ್ಮನೆ ಓಡಿಸಿ, ಇನ್ನೊಂದು ಸಲ ನಿಲ್ಲಿಸಿ ನಿಲ್ಲಿಸಿ ಗಮನಿಸಿ. ನಾನು ನೋಡುವ ಜಾಗಗಳು ಇವು: ಚುಟ್ಟಿಯ ಮುಳ್ಳುಗಳು ಬಿಡಿಬಿಡಿಯಾಗಿ ಎಣಿಸುವಂತಿವೆಯೇ, ಸೀರೆಯ ಚೌಕುಳಿ ಕುಣಿಯುವಾಗಲೂ ಚೌಕುಳಿಯಾಗಿಯೇ ಇದೆಯೇ, ಹೊಗೆಯ ಅಂಚು ಮೃದುವಾಗಿ ಕರಗುತ್ತದೆಯೇ ಅಥವಾ ಮೆಟ್ಟಿಲುಮೆಟ್ಟಿಲಾಗುತ್ತದೆಯೇ, ಹಿಂದೆ ಕುಳಿತ ಮದ್ದಳೆಗಾರರ ಬೆರಳುಗಳು ತಿಳಿಯುತ್ತವೆಯೇ. ಯಾವ ಬಿಟ್‌ರೇಟಿನಿಂದ ಮುಂದಕ್ಕೆ ಹೋದರೂ ನಿಮ್ಮ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲವೋ ಅದರ ಮೇಲಿನ ಒಂದು ಹಂತವನ್ನು ಆರಿಸಿಕೊಳ್ಳಿ. ಪರೀಕ್ಷೆಗೆ ಬೇಕಾಗುವುದು ಕೆಲವು ನಿಮಿಷ. ಎಂಟು ಗಂಟೆಯ ಆಟವನ್ನು ಎರಡನೆಯ ಬಾರಿ ರೆಂಡರ್ ಮಾಡುವ ಕಷ್ಟದ ಮುಂದೆ ಅದು ಏನೂ ಅಲ್ಲ.

ಬಿಟ್‌ರೇಟಿನ ಲೆಕ್ಕ ಮತ್ತು ಯೂಟ್ಯೂಬ್

ಫೈಲ್ ಎಷ್ಟು ದೊಡ್ಡದಾಗುತ್ತದೆ ಎಂಬುದು ಊಹೆಯ ಮಾತಲ್ಲ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಮೆಗಾಬೈಟ್‌ಗಳಲ್ಲಿ ಗಾತ್ರ ಸಿಗುತ್ತದೆ, ಏಕೆಂದರೆ ಎಂಟು ಬಿಟ್ ಸೇರಿ ಒಂದು ಬೈಟ್. 8 ಎಂಬಿಪಿಎಸ್‌ನ ವಿಡಿಯೊ ಗಂಟೆಗೆ 3.6 ಜಿಬಿ, 12ರದ್ದು 5.4 ಜಿಬಿ, 24ರದ್ದು 10.8 ಜಿಬಿ. ರೆಸಲ್ಯೂಷನ್ ಏನೇ ಇರಲಿ ಈ ಲೆಕ್ಕ ಬದಲಾಗುವುದಿಲ್ಲ. 12 ಎಂಬಿಪಿಎಸ್‌ನಲ್ಲಿ ರೆಂಡರ್ ಮಾಡಿದ 4ಕೆ ವಿಡಿಯೊ ಮತ್ತು 1080ಪಿ ವಿಡಿಯೊ ಎರಡೂ ಒಂದೇ ತೂಕ. "4ಕೆ ಮಾಡಿದರೆ ಸಾಕು, ಚೆನ್ನಾಗಿರುತ್ತದೆ" ಎಂದು ನಂಬಿ ಬಿಟ್‌ರೇಟನ್ನು ಹಾಗೆಯೇ ಬಿಟ್ಟವರಿಗೆ 1080ಪಿಗಿಂತಲೂ ಕೆಟ್ಟ ಚಿತ್ರ ಸಿಗುವುದು ಇದೇ ಕಾರಣಕ್ಕೆ: ನಾಲ್ಕು ಪಟ್ಟು ಪಿಕ್ಸೆಲ್‌ಗಳಿಗೆ ಮೊದಲಿನಷ್ಟೇ ಬಿಟ್‌ಗಳನ್ನು ಹಂಚಿದಂತಾಯಿತು.

ಯೂಟ್ಯೂಬ್ ತನ್ನ ಮಾರ್ಗಸೂಚಿಯಲ್ಲಿ ಸಾಮಾನ್ಯ ವಿಡಿಯೊಗಳಿಗೆ ಹೇಳುವ ಅಂಕಿಗಳು ಹೀಗಿವೆ. 1080ಪಿ ಗಾತ್ರಕ್ಕೆ 24ರಿಂದ 30 ಫ್ರೇಮಾದರೆ 8 ಎಂಬಿಪಿಎಸ್, 48ರಿಂದ 60 ಫ್ರೇಮಾದರೆ 12. 1440ಪಿಗೆ ಕ್ರಮವಾಗಿ 16 ಮತ್ತು 24. 4ಕೆಗೆ 35ರಿಂದ 45 ಮತ್ತು 53ರಿಂದ 68. ಇವು ಅಪ್‌ಲೋಡ್ ಮಾಡುವ ಫೈಲಿನ ಅಂಕಿಗಳು. ನೋಡುಗರಿಗೆ ತಲಪುವ ಪ್ರತಿಯನ್ನು ಯೂಟ್ಯೂಬ್ ತಾನೇ ಮತ್ತೆ ಎನ್‌ಕೋಡ್ ಮಾಡುತ್ತದೆ, ಅದೂ ಇದಕ್ಕಿಂತ ಬಹಳ ಕಡಿಮೆ ಬಿಟ್‌ರೇಟಿಗೆ. ನಾವು ಕಳಿಸುವುದು ಅದಕ್ಕೆ ಕಚ್ಚಾ ವಸ್ತು. ಕಚ್ಚಾ ವಸ್ತುವಿನಲ್ಲಿಯೇ ಚೌಕಗಳಿದ್ದರೆ ಎರಡನೆಯ ಸುತ್ತಿನ ಎನ್‌ಕೋಡರು ಆ ಚೌಕಗಳನ್ನೂ ಚಿತ್ರವೆಂದೇ ಭಾವಿಸಿ ಅವುಗಳನ್ನು ಉಳಿಸಲು ಬಿಟ್‌ಗಳನ್ನು ಖರ್ಚು ಮಾಡುತ್ತದೆ. ಆದ್ದರಿಂದ ಬಯಲಾಟದಂಥ ವಿಡಿಯೊಗೆ ಮಾರ್ಗಸೂಚಿಯ ಅಂಕಿಯನ್ನು ಕನಿಷ್ಠವೆಂದು ತಿಳಿದು ಅದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಕೊಡುವುದು ನನ್ನ ಅಭ್ಯಾಸ. ತಾಳಮದ್ದಳೆಗೆ ಹಾಗೆ ಮಾಡುವುದು ವ್ಯರ್ಥ. 8 ಎಂಬಿಪಿಎಸ್ ಅದಕ್ಕೆ ಧಾರಾಳವಾಯಿತು.

ಇಲ್ಲಿ ಅಂತರ್ಜಾಲದ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಂಟು ಗಂಟೆಯ ಆಟ 12 ಎಂಬಿಪಿಎಸ್‌ನಲ್ಲಿ 43.2 ಜಿಬಿ ಆಗುತ್ತದೆ. ಮನೆಯ ಸಂಪರ್ಕದ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದು, ನಡುವೆ ಎಲ್ಲಿಯೂ ಕುಂದದಿದ್ದರೂ ಅದನ್ನು ಏರಿಸಲು 4 ಗಂಟೆ 48 ನಿಮಿಷ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಕರಾವಳಿ, ಮಲೆನಾಡಿನ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಯೂಟ್ಯೂಬ್ ಒಂದು ವಿಡಿಯೊಗೆ 12 ಗಂಟೆ ಅಥವಾ 256 ಜಿಬಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟರವರೆಗೆ ಅವಕಾಶ ಕೊಡುತ್ತದೆಯಾದರೂ, ಆಟವನ್ನು ಪ್ರಸಂಗದ ಘಟ್ಟಗಳಿಗೆ ತಕ್ಕಂತೆ ಎರಡೆರಡು ಗಂಟೆಗಳ ಭಾಗಗಳಾಗಿ ರೆಂಡರ್ ಮಾಡುವುದು ಉತ್ತಮ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಎಂಪಿ4 ಫೈಲನ್ನು ತೆರೆಯಲು ಬೇಕಾದ ಸೂಚಿಯನ್ನು ತಂತ್ರಾಂಶ ಬರೆಯುವುದು ರೆಂಡರಿನ ಕೊನೆಯಲ್ಲಿ; ಏಳನೆಯ ಗಂಟೆಯಲ್ಲಿ ಕಂಪ್ಯೂಟರ್ ನಿಂತುಹೋದರೆ ಅಷ್ಟು ಹೊತ್ತು ಬರೆದದ್ದೆಲ್ಲ ಡಿಸ್ಕಿನಲ್ಲಿದ್ದೂ ತೆರೆಯಲಾಗದಂತಾಗುತ್ತದೆ.

ಕೆಂಪು ಬಣ್ಣ

ಯಕ್ಷಗಾನದಲ್ಲಿ ಕೆಂಪು ಎಲ್ಲೆಲ್ಲೂ ಇದೆ, ಮತ್ತು ವಿಡಿಯೊ ಕೋಡೆಕ್‌ಗಳು ಹೆಚ್ಚು ಕೆಡಿಸುವ ಬಣ್ಣಗಳಲ್ಲಿ ಕೆಂಪೂ ಒಂದು. ನಾವು ಬಳಸುವ ಎಚ್.264 ಫೈಲುಗಳು ಸಾಮಾನ್ಯವಾಗಿ 4:2:0 ಎಂಬ ಕ್ರಮದಲ್ಲಿ ಬಣ್ಣವನ್ನು ಇಡುತ್ತವೆ. ಬೆಳಕು ನೆರಳಿನ ಮಾಹಿತಿ ಪ್ರತಿಯೊಂದು ಪಿಕ್ಸೆಲ್‌ಗೂ ಇರುತ್ತದೆ, ಆದರೆ ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ. 1920×1080 ಗಾತ್ರದ ಚಿತ್ರದಲ್ಲಿ ಬಣ್ಣದ ಪದರ ಇರುವುದು 960×540 ಮಾತ್ರ. ಮನುಷ್ಯನ ಕಣ್ಣು ಬಣ್ಣದ ಅಂಚನ್ನು ಅಷ್ಟು ಸೂಕ್ಷ್ಮವಾಗಿ ಗ್ರಹಿಸದ ಕಾರಣ ಇದು ಸಾಮಾನ್ಯ ದೃಶ್ಯಗಳಲ್ಲಿ ತಿಳಿಯುವುದಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಕಡುಗೆಂಪು ಬಟ್ಟೆ ಬಂದಾಗ ಮಾತ್ರ ಬಚ್ಚಿಡಲು ಜಾಗವಿಲ್ಲ, ಏಕೆಂದರೆ ಕಡುಗೆಂಪಿನಲ್ಲಿ ಬೆಳಕಿನ ಅಂಶ ಕಡಿಮೆಯಿದ್ದು ಅಂಚನ್ನು ತೋರಿಸುವ ಭಾರವೆಲ್ಲ ಆ ಅರ್ಧ ಅಳತೆಯ ಬಣ್ಣದ ಪದರದ ಮೇಲೆಯೇ ಬೀಳುತ್ತದೆ. ಅಂಚು ಹಲ್ಲುಹಲ್ಲಾಗುವುದು ಅದಕ್ಕೇ.

ಇದಕ್ಕೆ ಎರಡು ಪರಿಹಾರಗಳನ್ನು ಪ್ರಯತ್ನಿಸಬಹುದು. ಮೊದಲನೆಯದು, ಬಣ್ಣ ತಿದ್ದುವಾಗ ಕೆಂಪಿನ ಸ್ಯಾಚುರೇಷನ್ನನ್ನು (ಬಣ್ಣದ ಗಾಢತೆಯನ್ನು) ಮಿತಿಯಲ್ಲಿಡುವುದು. ಫೋಕಸ್ ದೀಪದ ಕೆಳಗೆ ಕೆಂಪು ಮೊದಲೇ ತುಂಬಿ ತುಳುಕುತ್ತಿರುತ್ತದೆ. ಅದನ್ನು ಇನ್ನೂ ಏರಿಸಿದರೆ ಬಟ್ಟೆಯ ನೆರಿಗೆಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಎರಡನೆಯದು, 1080ಪಿಯಲ್ಲಿ ಚಿತ್ರೀಕರಿಸಿದ್ದರೂ ಯೂಟ್ಯೂಬಿಗಾಗಿ 1440ಪಿ ಗಾತ್ರಕ್ಕೆ ಹಿಗ್ಗಿಸಿ ರೆಂಡರ್ ಮಾಡುವುದು. ಹೊಸ ವಿವರ ಹುಟ್ಟುವುದಿಲ್ಲ ನಿಜ, ಆದರೆ ಬಣ್ಣದ ಪದರ 1280×720 ಆಗುತ್ತದೆ, ಜೊತೆಗೆ ಯೂಟ್ಯೂಬ್ ದೊಡ್ಡ ಗಾತ್ರದ ವಿಡಿಯೊಗಳಿಗೆ ಹೆಚ್ಚಿನ ಬಿಟ್‌ರೇಟ್ ಮೀಸಲಿಡುವುದರಿಂದ ನೋಡುಗರಿಗೆ ತಲಪುವ ಚಿತ್ರವೂ ಸುಧಾರಿಸುತ್ತದೆ. ಹೀಗೆ ಹಿಗ್ಗಿಸುವಾಗ ಬಿಟ್‌ರೇಟನ್ನೂ 1440ಪಿಯ ಮಟ್ಟಕ್ಕೆ ಏರಿಸಬೇಕು ಎಂಬುದನ್ನು ಮೇಲೆಯೇ ಹೇಳಿದೆ.

ರಿಸಾಲ್ವ್‌ನಲ್ಲಿ ಡೇಟಾ ಲೆವೆಲ್ಸ್ ಎಂಬ ಆಯ್ಕೆಯನ್ನು ಆಟೊ ಸ್ಥಿತಿಯಲ್ಲಿಯೇ ಬಿಡಿ. ಫುಲ್ ಎಂಬ ಪದ ನೋಡಿ ಅದೇ ಹೆಚ್ಚಿನ ಗುಣಮಟ್ಟವೆಂದು ಭಾವಿಸಿ ಒತ್ತುವವರಿದ್ದಾರೆ. ಅದು ಗುಣಮಟ್ಟದ ಅಳತೆಯಲ್ಲ, ಕಪ್ಪು ಬಿಳುಪುಗಳನ್ನು 0ರಿಂದ 255ರವರೆಗೆ ಬರೆಯಬೇಕೇ ಅಥವಾ ವಿಡಿಯೊಗಳ ರೂಢಿಯಂತೆ 16ರಿಂದ 235ರವರೆಗೆ ಬರೆಯಬೇಕೇ ಎಂಬ ಸೂಚನೆ. ತಪ್ಪಿದರೆ ರಾತ್ರಿಯ ದೃಶ್ಯದಲ್ಲಿ ಹಿಮ್ಮೇಳದವರು ಕತ್ತಲೆಯಲ್ಲಿ ಮುಳುಗಿಹೋಗುತ್ತಾರೆ.

ಹೆಚ್ಚಿನ ಗುಣಮಟ್ಟ ಎಂದು ಬರೆದಿರುವ ಚೌಕಗಳು

ಪ್ರೀಮಿಯರ್‌ನಲ್ಲಿ ಯೂಸ್ ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ ಎಂದೂ ರಿಸಾಲ್ವ್‌ನಲ್ಲಿ ಫೋರ್ಸ್ ಸೈಜಿಂಗ್ ಟು ಹೈಯೆಸ್ಟ್ ಕ್ವಾಲಿಟಿ ಎಂದೂ ಬರೆದಿರುವ ಚೌಕಗಳಿವೆ. ಹೆಸರು ದೊಡ್ಡದಾದರೂ ಇವೆರಡೂ ಮುಖ್ಯವಾಗಿ ಚಿತ್ರದ ಗಾತ್ರ ಹಿಗ್ಗಿಸುವಾಗ ಅಥವಾ ಕುಗ್ಗಿಸುವಾಗ ಬಳಸುವ ಲೆಕ್ಕಾಚಾರಕ್ಕೆ ಸಂಬಂಧಿಸಿದವು. 1080ಪಿಯ ದೃಶ್ಯವನ್ನು 1080ಪಿಯಲ್ಲೇ ರೆಂಡರ್ ಮಾಡುವವರಿಗೆ ಅದರಿಂದ ಲಾಭವಿಲ್ಲ. 4ಕೆಯಿಂದ ಇಳಿಸುವವರಿಗೂ 1440ಪಿಗೆ ಏರಿಸುವವರಿಗೂ ಉಪಯೋಗವಿದೆ. ಇವುಗಳಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಇನ್ನೊಂದು ಚೌಕದ ಬಗ್ಗೆ. ಹಳೆಯ ಕಂಪ್ಯೂಟರಿನಲ್ಲಿ ಎಡಿಟಿಂಗ್ ಸರಾಗವಾಗಲೆಂದು ಪ್ರಾಕ್ಸಿ ಫೈಲುಗಳನ್ನು (ಮೂಲ ದೃಶ್ಯಗಳ ಸಣ್ಣ ಗಾತ್ರದ ನಕಲುಗಳನ್ನು) ಮಾಡಿಕೊಂಡಿದ್ದರೆ, ರೆಂಡರ್ ಮಾಡುವಾಗ ಯೂಸ್ ಪ್ರಾಕ್ಸಿ ಮೀಡಿಯಾ ಎಂಬುದರ ಗುರುತು ತೆಗೆದಿದೆಯೇ ಎಂದು ನೋಡಲೇಬೇಕು. ಇಲ್ಲದಿದ್ದರೆ ತಂತ್ರಾಂಶ ಆ ಸಣ್ಣ ಪ್ರಾಕ್ಸಿಗಳನ್ನೇ ಹಿಗ್ಗಿಸಿ ಅಂತಿಮ ವಿಡಿಯೊ ಮಾಡುತ್ತದೆ. ಪ್ರೀಮಿಯರ್‌ನ ಯೂಸ್ ಪ್ರೀವ್ಯೂಸ್ ಚೌಕಕ್ಕೂ ಇದೇ ಎಚ್ಚರ ಸಲ್ಲುತ್ತದೆ.

ಎನ್‌ಕೋಡರ್ ಎಂಬಲ್ಲಿ ಎನ್‌ವಿಡಿಯಾ ಅಥವಾ ಇಂಟೆಲ್ ಕ್ವಿಕ್ ಸಿಂಕ್ ಕಾಣುತ್ತಿದ್ದರೆ ರೆಂಡರ್ ಬಹಳ ಬೇಗ ಮುಗಿಯುತ್ತದೆ. ಅದೇ ಬಿಟ್‌ರೇಟಿನಲ್ಲಿ ನಿಧಾನವಾಗಿ ಲೆಕ್ಕ ಹಾಕುವ ತಂತ್ರಾಂಶ ಎನ್‌ಕೋಡರು ಸ್ವಲ್ಪ ಉತ್ತಮ ಚಿತ್ರ ಕೊಡುವುದುಂಟು, ಆದರೆ ಬಿಟ್‌ರೇಟ್ ಧಾರಾಳವಾಗಿದ್ದಾಗ ಆ ವ್ಯತ್ಯಾಸ ಕರಗಿಹೋಗುತ್ತದೆ. ಇಡೀ ರಾತ್ರಿಯ ಆಟಕ್ಕೆ ಹಾರ್ಡ್‌ವೇರ್ ಎನ್‌ಕೋಡರ್ ಬಳಸಿ ಬಿಟ್‌ರೇಟನ್ನು ತುಸು ಏರಿಸುವುದೇ ವಿವೇಕ. ಬಿಟ್‌ರೇಟನ್ನು ಬಿಗಿಹಿಡಿಯಲೇಬೇಕಾದ ಸಂದರ್ಭದಲ್ಲಿ ಟೂ ಪಾಸ್ ಎಂಬ ಆಯ್ಕೆ ಕೆಲಸಕ್ಕೆ ಬರುತ್ತದೆ. ಅದು ಮೊದಲ ಸುತ್ತಿನಲ್ಲಿ ವಿಡಿಯೊವನ್ನೆಲ್ಲ ಓದಿ, ಎರಡನೆಯ ಸುತ್ತಿನಲ್ಲಿ ಸಂಭಾಷಣೆಯಿಂದ ಉಳಿಸಿದ ಬಿಟ್‌ಗಳನ್ನು ಕುಣಿತಕ್ಕೆ ಕೊಡುತ್ತದೆ.

ಶಾಟ್‌ಕಟ್, ಕೆಡೆನ್‌ಲೈವ್, ಹ್ಯಾಂಡ್‌ಬ್ರೇಕ್ ಬಳಸುವವರಿಗೆ ಬಿಟ್‌ರೇಟಿನ ಬದಲು ಗುಣಮಟ್ಟವನ್ನೇ ಗೊತ್ತುಮಾಡುವ ದಾರಿ ಇದೆ. ಸಿಆರ್‌ಎಫ್ ಎಂಬ ಈ ಅಳತೆ ಎಕ್ಸ್264 ಎನ್‌ಕೋಡರಿನಲ್ಲಿ 0ರಿಂದ 51ರವರೆಗೆ ಇರುತ್ತದೆ. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ. ರೂಢಿಯ ಅಂಕಿ 23. ಅಲ್ಲಿಂದ ಆರು ಅಂಕಿ ಇಳಿಸಿದರೆ ಫೈಲಿನ ಗಾತ್ರ ಸುಮಾರಾಗಿ ಇಮ್ಮಡಿಯಾಗುತ್ತದೆ. ಶಾಟ್‌ಕಟ್‌ನಲ್ಲಿ ಇದೇ ವಿಷಯ ಶೇಕಡಾವಾರು ಲೆಕ್ಕದಲ್ಲಿ ಕಾಣುತ್ತದೆ. ಯಕ್ಷಗಾನಕ್ಕೆ 18ರ ಆಸುಪಾಸು ನನಗೆ ತೃಪ್ತಿ ಕೊಟ್ಟಿದೆ. ನಿಜ ಹೇಳಬೇಕೆಂದರೆ ತಾತ್ವಿಕವಾಗಿ ಇದೇ ಹೆಚ್ಚು ಸರಿಯಾದ ವಿಧಾನ: ಮಾತಿನ ದೃಶ್ಯಕ್ಕೆ ತಾನಾಗಿ ಕಡಿಮೆ, ಹೊಗೆಗೆ ತಾನಾಗಿ ಹೆಚ್ಚು ಬಿಟ್‌ಗಳು ಹೋಗುತ್ತವೆ. ಗಾತ್ರ ಎಷ್ಟಾಗುತ್ತದೆಂದು ಮೊದಲೇ ತಿಳಿಯದು ಎಂಬುದೊಂದೇ ಇದರ ಕೊರತೆ.

ಚೆಂಡೆಯ ಪೆಟ್ಟು

ಚಿತ್ರಕ್ಕೆ ಇಷ್ಟು ಶ್ರಮಪಟ್ಟವರೂ ಧ್ವನಿಯನ್ನು ಇದ್ದ ಸೆಟ್ಟಿಂಗಿಗೆ ಬಿಟ್ಟುಬಿಡುವುದನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ, ಏಕೆಂದರೆ ಹಿಮ್ಮೇಳವಿಲ್ಲದೆ ಯಕ್ಷಗಾನವಿಲ್ಲ. ಎಎಸಿ ಕೋಡೆಕ್‌ನಲ್ಲಿ 128 ಕೆಬಿಪಿಎಸ್ ಮಾತಿಗೆ ಸಾಕಾದೀತು. ಚೆಂಡೆಯ ಗಡಸು ಪೆಟ್ಟು, ಚಕ್ರತಾಳದ ಝೇಂಕಾರ ಅದರಲ್ಲಿ ಮೊಂಡಾಗುತ್ತವೆ. ಯೂಟ್ಯೂಬ್ ಸ್ಟೀರಿಯೊ ಧ್ವನಿಗೆ 384 ಕೆಬಿಪಿಎಸ್ ಹೇಳುತ್ತದೆ. ನಿಮ್ಮ ತಂತ್ರಾಂಶದಲ್ಲಿ 320 ಮಾತ್ರ ಇದ್ದರೆ ಅದೂ ಚಿಂತೆಯಿಲ್ಲ. ವಿಡಿಯೊದ 12000 ಕಿಲೊಬಿಟ್‌ಗಳ ಎದುರು ಧ್ವನಿಯ ಆ ಹೆಚ್ಚುವರಿ ಇನ್ನೂರೈವತ್ತು ಕಿಲೊಬಿಟ್‌ಗಳು ಲೆಕ್ಕಕ್ಕೇ ಇಲ್ಲ. ಸ್ಯಾಂಪಲ್ ರೇಟ್ 48 ಕಿಲೊಹರ್ಟ್ಸ್ ಇರಲಿ.

ಮಟ್ಟವನ್ನೂ ನೋಡಿಕೊಳ್ಳಿ. ಅತಿ ಎತ್ತರದ ಪೆಟ್ಟು −1 ಡೆಸಿಬೆಲ್ ದಾಟದಂತೆ ಲಿಮಿಟರ್ ಹಾಕಿ. ಯೂಟ್ಯೂಬ್ ಸುಮಾರು −14 ಎಲ್‌ಯುಎಫ್‌ಎಸ್‌ಗಿಂತ (ಇದು ಒಟ್ಟಾರೆ ಧ್ವನಿ ಎಷ್ಟು ಜೋರು ಎಂಬುದರ ಅಳತೆ) ಜೋರಾದ ಧ್ವನಿಯನ್ನು ಇಳಿಸುತ್ತದೆ, ಆದ್ದರಿಂದ ಜೋರಾಗಿ ಕೇಳಲೆಂದು ಧ್ವನಿಯನ್ನು ಒತ್ತಿ ಒತ್ತಿ ಏರಿಸಿದರೆ ಚೆಂಡೆಯ ಪೆಟ್ಟು ಚಪ್ಪಟೆಯಾಗುವುದಷ್ಟೇ ಉಳಿಯುತ್ತದೆ, ಜೋರು ಉಳಿಯುವುದಿಲ್ಲ. ಚಿತ್ರೀಕರಣದ ಸಮಯದಲ್ಲಿಯೇ ಮೈಕು ಮಿತಿಮೀರಿ ಧ್ವನಿ ಹರಿದಿದ್ದರೆ ಯಾವ ರೆಂಡರ್ ಸೆಟ್ಟಿಂಗೂ ಅದನ್ನು ಹೊಲಿಯಲಾರದು.

ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಪ್ರತಿ

ಹಲವು ವರ್ಷಗಳ ಹಿಂದೆ ನಮ್ಮೂರಿನ ಬಯಲಾಟವೊಂದನ್ನು ಚಿತ್ರೀಕರಿಸಿ, ಪರಊರಿನಲ್ಲಿದ್ದ ಬಂಧುಗಳಿಗೆ ಕಳಿಸಲು ಸುಲಭವಾಗಲೆಂದು 3 ಎಂಬಿಪಿಎಸ್‌ನ ಒಂದೇ ಒಂದು ಪ್ರತಿ ಮಾಡಿ, ಮರುವಾರದ ಕೆಲಸಕ್ಕೆ ಬೇಕೆಂದು ಮೆಮೊರಿ ಕಾರ್ಡನ್ನು ಅಳಿಸಿಬಿಟ್ಟೆ. ಅಂದು ಮಹಿಷಾಸುರನ ವೇಷ ಮಾಡಿದ್ದ ಹಿರಿಯ ಕಲಾವಿದರು ಅದರ ನಂತರ ಆ ವೇಷ ಮಾಡಲಿಲ್ಲ. ಅವರ ಪ್ರವೇಶದ ದೃಶ್ಯ ನನ್ನಲ್ಲಿ ಇಂದಿಗೂ ಇದೆ. ಹೊಗೆಯ ಚೌಕಗಳ ನಡುವೆ ಮುಖ ಅರ್ಧಂಬರ್ಧ ಕಾಣುತ್ತದೆ. ಆ ಕಲಾವಿದರ ಮನೆಯವರು ಒಳ್ಳೆಯ ಪ್ರತಿ ಇದೆಯೇ ಎಂದು ಕೇಳಿದಾಗ ಇಲ್ಲವೆನ್ನಬೇಕಾಯಿತು. ಅಂದಿನಿಂದ ಸಂಗ್ರಹದ ಪ್ರತಿಯನ್ನು ಮೊದಲು ಮಾಡಿ, ಉಳಿದವುಗಳನ್ನು ಅದರಿಂದ ಮಾಡುತ್ತೇನೆ.

ಸಂಗ್ರಹಕ್ಕೆ ಅತ್ಯುತ್ತಮವಾದವು ಪ್ರೊರೆಸ್ ಮತ್ತು ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ಗಳು. ಅವು ಪ್ರತಿಯೊಂದು ಫ್ರೇಮನ್ನೂ ಸ್ವತಂತ್ರವಾಗಿ ಬರೆಯುವುದರಿಂದ ಮತ್ತೆ ಎಡಿಟಿಂಗಿಗೂ ಅನುಕೂಲ. ಆದರೆ ಪ್ರೊರೆಸ್ 422 ಕೋಡೆಕ್ 1080ಪಿ 50 ಫ್ರೇಮಿಗೆ ಸುಮಾರು 245 ಎಂಬಿಪಿಎಸ್ ಬೇಡುತ್ತದೆ, ಅಂದರೆ ಗಂಟೆಗೆ 110 ಜಿಬಿ, ಎಂಟು ಗಂಟೆಗೆ 880 ಜಿಬಿ. ದೀಪಾವಳಿಯ ನಂತರ ಆರಂಭವಾಗಿ ಪತ್ತನಾಜೆಯವರೆಗೆ (ಮೇ ತಿಂಗಳ ಕೊನೆಯ ಭಾಗದವರೆಗೆ) ನಡೆಯುವ ತಿರುಗಾಟದಲ್ಲಿ ಹತ್ತಿಪ್ಪತ್ತು ಆಟಗಳನ್ನು ದಾಖಲಿಸುವ ಹವ್ಯಾಸಿಗೆ ಇದು ನಿಲುಕುವ ಮಾತಲ್ಲ. ಅಂಥವರು ಮೂಲ ಕ್ಯಾಮೆರಾ ಫೈಲುಗಳನ್ನು ಹಾಗೆಯೇ ಇಟ್ಟುಕೊಂಡು, ಎಡಿಟ್ ಆದ ಪ್ರತಿಯನ್ನು ಎಚ್.264ನಲ್ಲಿ 35 ಎಂಬಿಪಿಎಸ್‌ಗೆ ರೆಂಡರ್ ಮಾಡಿದರೆ ಗಂಟೆಗೆ 15.75 ಜಿಬಿಯಲ್ಲಿ ಮೂಲಕ್ಕೆ ಬಹಳ ಸಮೀಪದ ಚಿತ್ರ ಸಿಗುತ್ತದೆ. ಧ್ವನಿಯನ್ನು ಬೇರೆಯಾಗಿ 24 ಬಿಟ್ ವೇವ್ ಫೈಲಾಗಿ ತೆಗೆದಿಟ್ಟರೆ ಅದಕ್ಕೆ ಬೇಕಾಗುವುದು ಗಂಟೆಗೆ ಸುಮಾರು 1 ಜಿಬಿ ಮಾತ್ರ. ಭಾಗವತಿಕೆಯ ದಾಖಲೆಯಾಗಿ ಅದಕ್ಕಿರುವ ಬೆಲೆಯನ್ನು ನೋಡಿದರೆ ಆ 1 ಜಿಬಿಗೆ ಜಿಪುಣತನ ಸಲ್ಲದು.

2013ರಲ್ಲಿ ಬಂದ ಎಚ್.265 ಕೋಡೆಕ್ ಕಡಿಮೆ ಬಿಟ್‌ರೇಟಿನಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ. ಜಾಗದ ಅಭಾವವಿದ್ದವರು ಸಂಗ್ರಹಕ್ಕೆ ಅದನ್ನು ಬಳಸಬಹುದು. ಪೆನ್‌ಡ್ರೈವಿನಲ್ಲಿ ಹಾಕಿ ಕಲಾವಿದರಿಗೋ ಸೇವಾಕರ್ತರಿಗೋ ಕೊಡುವ ಪ್ರತಿಗೆ ಮಾತ್ರ ಎಚ್.264 ಇರಲಿ, ಏಕೆಂದರೆ ಹಳೆಯ ಟಿವಿಗಳಲ್ಲಿ ಎಚ್.265 ಫೈಲಿನ ಧ್ವನಿ ಬಂದು ಚಿತ್ರ ಬಾರದಿರುವುದುಂಟು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರೊಳಗೆ ಹೋಗುವುದೇ ಇಲ್ಲ. 8 ಎಂಬಿಪಿಎಸ್ ಲೆಕ್ಕದಲ್ಲಿ ಅದು ಒಂದು ಗಂಟೆಗಿಂತ ತುಸು ಹೆಚ್ಚು, ಆದ್ದರಿಂದ ಗಂಟೆಗೊಂದು ಭಾಗ ಮಾಡಿ ಹಾಕಿ. ವಾಟ್ಸಾಪ್‌ನಲ್ಲಿ ಕಳಿಸುವ ತುಣುಕನ್ನು ವಿಡಿಯೊ ಆಗಿ ಕಳಿಸಿದರೆ ಅದು ಮತ್ತೆ ಹಿಂಡಲ್ಪಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ 2 ಜಿಬಿಯವರೆಗೆ ಇದ್ದ ಹಾಗೆಯೇ ತಲಪುತ್ತದೆ.

ರೆಂಡರ್ ಮುಗಿದ ಮೇಲೆ ಫೈಲಿನ ಮೊದಲ ನಿಮಿಷವನ್ನು ಮಾತ್ರ ನೋಡಿ ನೆಮ್ಮದಿಯಾಗಬೇಡಿ. ನಡುವೆ ನಾಲ್ಕೈದು ಕಡೆ ಹಾರಿ ನೋಡಿ, ಕೊನೆಯ ಐದು ನಿಮಿಷದಲ್ಲಿ ಮಂಗಳ ಪದದ ಧ್ವನಿಯೂ ಭಾಗವತರ ತುಟಿಯೂ ಹೊಂದಿವೆಯೇ ಪರೀಕ್ಷಿಸಿ, ಪರೀಕ್ಷೆಗೆ ಬಳಸಿದ್ದ ಆ ಮೂವತ್ತು ಸೆಕೆಂಡುಗಳನ್ನು ಅಂತಿಮ ಪ್ರತಿಯಲ್ಲಿ ಮತ್ತೊಮ್ಮೆ ನೋಡಿ. ಯೂಟ್ಯೂಬಿಗೆ ಏರಿಸಿದ ಕೂಡಲೇ ಚಿತ್ರ ಮಸುಕಾಗಿ ಕಂಡರೆ ಗಾಬರಿಯಾಗದೆ ಕಾಯಿರಿ. ಮೊದಲು ತಯಾರಾಗುವುದು ಸಣ್ಣ ಗಾತ್ರದ ಪ್ರತಿ, ದೊಡ್ಡ ಗಾತ್ರದವು ದೀರ್ಘ ವಿಡಿಯೊಗಳಿಗೆ ಹಲವು ಗಂಟೆಗಳ ನಂತರ ಬರುತ್ತವೆ. ಸಂಗ್ರಹದ ಪ್ರತಿಯನ್ನು ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಎರಡರಿಂದಲೂ ತೆರೆದು ನೋಡಿದ ಮೇಲೆಯೇ ಮೆಮೊರಿ ಕಾರ್ಡನ್ನು ಅಳಿಸಿ.